ಎಂಜಿನಿಲ್ಲದ ವಿಮಾನ, ಎಣ್ಣೆ ಬೇಡದ ಕೀಲು

ದಾವಣಗೆರೆಯಿಂದ ಹೊರಟಾಗ ನನ್ನ ಚೀಲದಲ್ಲಿ ಮಂಡಕ್ಕಿ, ಶೇಂಗಾ ಚಟ್ನಿಪುಡಿ ಮತ್ತು ಮೊಮ್ಮಗನಿಗೆಂದು ತೆಗೆದುಕೊಂಡ ಒಂದು ಕನ್ನಡ ಕಥೆಪುಸ್ತಕ ಇದ್ದವು. ಮಗಳು, ಅಳಿಯ ಜರ್ಮನಿಯ ಫುಲ್ಡಾ ಎಂಬ ಊರಿನಲ್ಲಿದ್ದಾರೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಇಳಿದು ರೈಲು ಹತ್ತಿದರೆ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಮೂರು ತಿಂಗಳೊಳಗೆ ಮರಳಬೇಕು ಎಂಬ ವೀಸಾ. ಹೋಗುವಾಗಲೇ ಬರುವ ಟಿಕೇಟೂ ಕೈಯಲ್ಲಿತ್ತು.

ಮನೆ ತಲುಪಿದ ಮರುದಿನವೇ ಹದಿನಾಲ್ಕರ ಮೊಮ್ಮಗ ಹೇಳಿದ: "ಅಜ್ಜಾ, ಭಾನುವಾರ ನಿಮ್ಮನ್ನ ವಾಸರ್‌ಕುಪ್ಪೆಗೆ ಕರ್ಕೊಂಡು ಹೋಗ್ತೀನಿ."

ನನಗೆ ನಗು ಬಂತು. ನಮ್ಮ ಕಡೆ ಕುಪ್ಪೆ ಎಂದರೆ ರಾಶಿ, ತಿಪ್ಪೆಗೂ ಹಾಗೆನ್ನುವುದುಂಟು. "ಏನಪ್ಪಾ, ಇಷ್ಟು ದೂರ ಬಂದು ತಿಪ್ಪೆ ನೋಡೋದಾ?" ಎಂದೆ. ಜರ್ಮನ್ ಭಾಷೆಯಲ್ಲಿ ವಾಸರ್ ಎಂದರೆ ನೀರು, ಕುಪ್ಪೆ ಎಂದರೆ ದುಂಡನೆಯ ಗುಡ್ಡ ಎಂದು ಅವನು ವಿವರಿಸಿದ. ಮಣ್ಣಿನ ರಾಶಿಯೇ ಗುಡ್ಡವಾದಂತೆ ಆಯಿತಲ್ಲ ಎಂದುಕೊಂಡೆ.

ರೋನ್ ಎಂಬ ಬೆಟ್ಟಸಾಲಿನಲ್ಲಿ ವಾಸರ್‌ಕುಪ್ಪೆಯೇ ಎತ್ತರದ್ದು, 950 ಮೀಟರ್. ಕೇಳಲು ಎತ್ತರ ಎನಿಸುತ್ತದೆ. ಆದರೆ ಮಕ್ಕಳೇ, ನಮ್ಮ ಬೆಂಗಳೂರು ನಗರ ಇರುವುದೇ ಸುಮಾರು 920 ಮೀಟರ್ ಎತ್ತರದಲ್ಲಿ! ನಂದಿಬೆಟ್ಟವಂತೂ 1478 ಮೀಟರ್. ಆದರೂ ಈ ಗುಡ್ಡಕ್ಕೆ ಲೋಕದಲ್ಲಿ ದೊಡ್ಡ ಹೆಸರು. ಎಂಜಿನಿಲ್ಲದ ವಿಮಾನ, ಅಂದರೆ ಗ್ಲೈಡರ್, ಹಾರಲು ಕಲಿತ ತೊಟ್ಟಿಲು ಇದು.

ಗುಡ್ಡದ ನೆತ್ತಿಯಲ್ಲಿ ಮರಗಳೇ ಇಲ್ಲವೆನ್ನಬಹುದು. ಹಸಿರು ಹುಲ್ಲು, ಮೈಮೇಲೆ ಬಿದ್ದಂತೆ ಬೀಸುವ ಗಾಳಿ. ಒಂದು ಕಡೆ ಚೆಂಡಿನಂತೆ ದುಂಡಗಿನ ಬಿಳಿ ಗುಮ್ಮಟ. ಜರ್ಮನಿ ಎರಡಾಗಿದ್ದ ಕಾಲದಲ್ಲಿ ಇಲ್ಲಿದ್ದ ರೆಡಾರ್ ಕೇಂದ್ರದ ಗುರುತು. ಸ್ವಲ್ಪ ಕೆಳಗೆ ಫುಲ್ಡಾ ನದಿ ಹುಟ್ಟುವ ತಾಣ. ನಮ್ಮ ತಲಕಾವೇರಿಯಂತೆ ಜಾತ್ರೆಯಿಲ್ಲ, ಗಂಟೆಯಿಲ್ಲ. ಕಲ್ಲುಗಳ ನಡುವಿನಿಂದ ಸಣ್ಣಗೆ ಹರಿಯುವ ತಣ್ಣನೆಯ ನೀರು. ಒಂದು ಬೊಗಸೆ ಮುಖಕ್ಕೆ ಹಾಕಿಕೊಂಡೆ.

ಇಲ್ಲಿನ ಕಥೆ ಶುರುವಾಗುವುದು ಶಾಲೆಯ ಹುಡುಗರಿಂದ. 1911ರಲ್ಲಿ ಡಾರ್ಮ್‌ಸ್ಟಾಟ್ ಊರಿನ ಕೆಲವು ವಿದ್ಯಾರ್ಥಿಗಳು ತಾವೇ ಕಟ್ಟಿದ ಗ್ಲೈಡರುಗಳನ್ನು ಹೊತ್ತು ಈ ಗುಡ್ಡಕ್ಕೆ ಬಂದರು. ಮರುವರ್ಷ ಅವರಲ್ಲೊಬ್ಬನಾದ ಹಾನ್ಸ್ ಗುಟರ್‌ಮುತ್ 838 ಮೀಟರ್ ದೂರ ಹಾರಿದ. ಗಾಳಿಯಲ್ಲಿದ್ದದ್ದು 112 ಸೆಕೆಂಡು. ಆಮೇಲೆ ಮೊದಲ ಮಹಾಯುದ್ಧ ಬಂತು. ಯುದ್ಧದಲ್ಲಿ ಸೋತ ಜರ್ಮನಿಗೆ ಎಂಜಿನ್ ವಿಮಾನ ಕಟ್ಟಲು ಒಪ್ಪಂದದಲ್ಲಿ ಕಡಿವಾಣ ಬಿತ್ತು. ಎಂಜಿನ್ ಇಲ್ಲದಿದ್ದರೇನು, ಗಾಳಿ ಇದೆಯಲ್ಲ ಎಂದರು ಹಾರುವ ಹುಚ್ಚಿನವರು. ಆಸ್ಕರ್ ಉರ್ಸಿನುಸ್ ಎಂಬ ಎಂಜಿನಿಯರ್, ಹಾರಾಟದ ಪತ್ರಿಕೆಯೊಂದರ ಸಂಪಾದಕರೂ ಆಗಿದ್ದವರು, 1920ರಲ್ಲಿ ಇಲ್ಲಿ ಗ್ಲೈಡರ್ ಸ್ಪರ್ಧೆ ಏರ್ಪಡಿಸಿದರು. 1922ರಲ್ಲಿ ಆರ್ಥರ್ ಮಾರ್ಟೆನ್ಸ್ ಎಂಬಾತ ಒಂದು ಗಂಟೆಗೂ ಹೆಚ್ಚು ಕಾಲ ಕೆಳಗಿಳಿಯದೆ ಗಾಳಿಯಲ್ಲೇ ಉಳಿದ. ಗುಡ್ಡಕ್ಕೆ ಬಡಿದ ಗಾಳಿ ಮೇಲಕ್ಕೇರುತ್ತದೆ. ಆ ಏರುಗಾಳಿಯಲ್ಲೇ ಹಿಂದೆ ಮುಂದೆ ಸುಳಿದಾಡುತ್ತಿದ್ದರೆ ಗ್ಲೈಡರ್ ಬೀಳುವುದಿಲ್ಲ. ಹದ್ದಿಗೆ ಹುಟ್ಟಿನಿಂದಲೇ ಗೊತ್ತಿರುವ ಗುಟ್ಟನ್ನು ಮನುಷ್ಯ ಇಲ್ಲಿ ಕಲಿತ.

ನೆತ್ತಿಯಲ್ಲಿ ಗ್ಲೈಡರುಗಳದ್ದೇ ಒಂದು ವಸ್ತುಸಂಗ್ರಹಾಲಯ ಇದೆ. ಅಲ್ಲಿ ಲಿಲಿಯೆಂಥಾಲ್‌ನ ಗ್ಲೈಡರಿನ ಪ್ರತಿಕೃತಿ ನೋಡಿದೆ. ಬಾವಲಿಯ ರೆಕ್ಕೆಯಂತೆ ಕಡ್ಡಿ, ಬಟ್ಟೆ. ಆಟೋ ಲಿಲಿಯೆಂಥಾಲ್ 1890ರ ದಶಕದಲ್ಲಿ ಮತ್ತೆ ಮತ್ತೆ ಹಾರಿ ತೋರಿಸಿದವನು. ಅವನು ತಿರುಗಬೇಕೆಂದರೆ ತನ್ನ ಕಾಲುಗಳನ್ನು ಅತ್ತಿತ್ತ ಬೀಸಿ ಮೈಭಾರವನ್ನೇ ಸರಿಸಬೇಕಿತ್ತು. 1896ರಲ್ಲಿ ಒಂದು ಗಾಳಿಯ ಹೊಡೆತಕ್ಕೆ ಗ್ಲೈಡರ್ ತಲೆ ಎತ್ತಿ ನಿಂತುಬಿಟ್ಟಿತು, ಮೈಭಾರ ಸಾಲಲಿಲ್ಲ. ಬಿದ್ದು, ಮರುದಿನ ತೀರಿಕೊಂಡ.

"ಅದಕ್ಕೇ ಅಜ್ಜಾ, ಈಗಿನ ಗ್ಲೈಡರಿಗೆ ಈ ಪಟ್ಟಿಗಳು" ಎಂದು ಮೊಮ್ಮಗ ಒಂದು ಹಳೆಯ ಗ್ಲೈಡರಿನ ರೆಕ್ಕೆ ತೋರಿಸಿದ. ರೆಕ್ಕೆಯ ತುದಿಯ ಕಡೆ, ಹಿಂದಿನ ಅಂಚಿನಲ್ಲಿ, ಬಾಗಿಲಿನಂತೆ ಕೀಲಿನ ಮೇಲೆ ಮೇಲೆಕೆಳಗೆ ಆಡುವ ಪಟ್ಟಿ. ಅದರ ಹೆಸರು ಏಲರಾನ್. ಕೂತವರ ಕೈಯಲ್ಲಿ ಒಂದು ಕೋಲು ಇರುತ್ತದೆ. ಕೋಲನ್ನು ಎಡಕ್ಕೆ ಸರಿಸಿದರೆ ಎಡ ಏಲರಾನ್ ಮೇಲೇಳುತ್ತದೆ, ಬಲದ್ದು ಕೆಳಗಿಳಿಯುತ್ತದೆ, ಗ್ಲೈಡರ್ ಎಡಕ್ಕೆ ವಾಲುತ್ತದೆ. ಬಾಲದಲ್ಲಿ ಅಡ್ಡ ಮಲಗಿರುವ ಪಟ್ಟಿ ಎಲಿವೇಟರ್. ಅದು ಮೂತಿಯನ್ನು ಏರಿಸಿ ಇಳಿಸುತ್ತದೆ. ನೆಟ್ಟಗೆ ನಿಂತಿರುವುದು ರಡ್ಡರ್. ಅದನ್ನು ಕಾಲಿನಿಂದ ತುಳಿದು ಆಡಿಸುತ್ತಾರೆ. ಇಡೀ ವಿಮಾನ ಮಾತು ಕೇಳುವುದು ಈ ಪಟ್ಟಿಗಳಿಂದ.

ಮೊಮ್ಮಗ ಗುಡ್ಡದ ತಪ್ಪಲಿನ ಒಂದು ಕ್ಲಬ್ಬಿನಲ್ಲಿ ಗ್ಲೈಡರ್ ಕಲಿಯುತ್ತಿದ್ದ. ಅಲ್ಲಿ ಹದಿನಾಲ್ಕು ತುಂಬಿದವರು ಗುರುವಿಲ್ಲದೆ ಒಬ್ಬರೇ ಹಾರಬಹುದು. ನಮ್ಮಲ್ಲಿ ಆ ವಯಸ್ಸಿಗೆ ಸ್ಕೂಟರ್ ಕೀಲಿಯನ್ನೂ ಕೊಡುವುದಿಲ್ಲ! ಶನಿವಾರ, ಭಾನುವಾರ ನಾನೂ ಹೋಗುತ್ತಿದ್ದೆ. ಹುಲ್ಲಿನ ಬಯಲು. ಒಂದು ತುದಿಯಲ್ಲಿ ವಿಂಚ್ ಯಂತ್ರ. ಅದು ಉದ್ದನೆಯ ಹಗ್ಗವನ್ನು ರಭಸದಿಂದ ಸುತ್ತಿಕೊಳ್ಳುತ್ತಿದ್ದಂತೆ ಇನ್ನೊಂದು ತುದಿಯ ಗ್ಲೈಡರ್ ಗಾಳಿಪಟದ ಹಾಗೆ ಎದ್ದು ಹೋಗುತ್ತದೆ. ಹಗ್ಗ ಕಳಚಿ ಬಿದ್ದ ಮೇಲೆ ಸದ್ದೇ ಇಲ್ಲ.

ಜೂನ್ ಮಧ್ಯದ ಒಂದು ಶನಿವಾರ. ಗುರುಗಳು ಮೊಮ್ಮಗನಿಗೆ, "ಇವತ್ತು ಹವೆ ಹೀಗೇ ಇದ್ದರೆ ನೀನೊಬ್ಬನೇ ಹೋಗು" ಎಂದಿದ್ದರು. ನನಗೆ ಊರಿಗೆ ಮರಳಲು ಉಳಿದದ್ದು ಎಂಟು ದಿನ. ಅಜ್ಜ ನೋಡುವಾಗಲೇ ಮೊದಲ ಹಾರಾಟ ಎಂದು ಅವನು ಹಿಂದಿನ ರಾತ್ರಿ ನಿದ್ದೆಯನ್ನೇ ಮಾಡಿರಲಿಲ್ಲ.

ಅಲ್ಲಿ ದಿನದ ಮೊದಲ ಹಾರಾಟಕ್ಕೆ ಮುಂಚೆ ಒಂದು ಪದ್ಧತಿ ಇದೆ. ಒಬ್ಬರು ಹೊರಗೆ ನಿಂತು ಏಲರಾನನ್ನು ಕೈಯಿಂದ ಮೆತ್ತಗೆ ಹಿಡಿದುಕೊಳ್ಳುತ್ತಾರೆ. ಒಳಗಿನವರು ಕೋಲು ಆಡಿಸುತ್ತಾರೆ. ಜೋಡಣೆ ಸರಿಯಿದೆಯೇ, ಎಳೆತ ಪಟ್ಟಿಯವರೆಗೆ ಮುಟ್ಟುತ್ತದೆಯೇ ಎಂದು ಹೀಗೆ ತಿಳಿಯುತ್ತದೆ. ಆ ದಿನ ಒಳಗೆ ಕೂತವನು ಮೊಮ್ಮಗ. ಎರಡು ಸಲ ಕೋಲು ಆಡಿಸಿದ. ಮೂರನೆಯ ಸಲ ನಿಧಾನವಾಗಿ ಆಡಿಸಿದ. ಮುಖ ಸಪ್ಪಗಾಯಿತು. ನನ್ನ ಕಡೆ ನೋಡಿದ, ಗುರುಗಳ ಕಡೆ ನೋಡಿದ. ಹೊರಗೆ ಪಟ್ಟಿ ಹಿಡಿದಿದ್ದ ಹುಡುಗಿ ಎಲ್ಲ ಸರಿ ಎಂದು ಕೈ ಎತ್ತಿದ್ದಳು. ಹಿಂದೆ ಆರು ಜನ ಸರದಿಗೆ ಕಾಯುತ್ತಿದ್ದರು. ಕಲಿಯುವವರಿಗೆ ಕ್ಲಬ್ಬಿನಲ್ಲಿದ್ದ ಎರಡಾಸನದ ಗ್ಲೈಡರ್ ಅದೊಂದೇ.

ಇಳಿದು ಬಂದು ನನ್ನ ಕಿವಿಯಲ್ಲಿ ಹೇಳಿದ: "ಅಜ್ಜಾ, ಕೋಲು ಬಲಕ್ಕೆ ಹೋಗುವಾಗ ಒಂದು ಕಡೆ ಗರಗರ ಅಂತೈತಿ. ಮಧ್ಯಕ್ಕೆ ತಾನಾಗೇ ಬರ್ತಾ ಇಲ್ಲ. ಹೇಳಿದ್ರೆ ಇವತ್ತು ಯಾರೂ ಹಾರೋ ಹಾಗಿಲ್ಲ. ನೀವು ಬೇರೆ ಹೊರಟುಬಿಡ್ತೀರಿ."

ನಾನು ಏನೂ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಗುರುಗಳ ಬಳಿ ನಡೆದಿದ್ದ. ಅವರು ಒಳಗೆ ಕೂತು ಕಣ್ಣು ಮುಚ್ಚಿ ಕೋಲು ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಇಳಿದವರೇ ಗ್ಲೈಡರಿನ ಮೂಗಿಗೆ ಕೆಂಪು ಬಟ್ಟೆ ಕಟ್ಟಿಸಿದರು. ಆರು ಜನರೂ ಮಾತಿಲ್ಲದೆ ಅದನ್ನು ಕೊಟ್ಟಿಗೆಗೆ ತಳ್ಳಿದರು. ವಿಮಾನದ ಕೊಟ್ಟಿಗೆಗೆ ಹ್ಯಾಂಗರ್ ಎನ್ನುತ್ತಾರೆ.

ನಾನು ನಲವತ್ತು ವರ್ಷ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು. ಬಿಗಿಯಾದ ಕೀಲು ಎಂದರೆ ಕೈ ತುರಿಸುತ್ತದೆ. ಸಂಜೆ ಕ್ಲಬ್ಬಿನ ಹಿರಿಯ ಪರೀಕ್ಷಕರು ಬಂದರು. ರಿಪೇರಿಯ ಕೊನೆಗೆ ಸಹಿ ಹಾಕುವ ಲೈಸೆನ್ಸ್ ಇದ್ದದ್ದು ಅವರಿಗೆ. ವಯಸ್ಸು ನನ್ನದೇ ಇರಬೇಕು. ಅವರು ಹೇಳುವುದನ್ನು ಮೊಮ್ಮಗ ನನಗೆ, ನಾನು ಹೇಳುವುದನ್ನು ಅವರಿಗೆ ಹೇಳುತ್ತಿದ್ದ.

ಅವರ ಪತ್ತೆ ಕೆಲಸ ನೋಡಬೇಕಿತ್ತು. ಅವಸರವೇ ಇಲ್ಲ. ಕೋಲಿನಿಂದ ಏಲರಾನಿನವರೆಗೆ ಒಂದಕ್ಕೊಂದು ಕೂಡಿಸಿದ ಕೊಳವೆಯಂಥ ಸರಳುಗಳಿವೆ. ಮೊದಲು ರೆಕ್ಕೆಯ ಬುಡದಲ್ಲಿ ಸರಳನ್ನು ಕಳಚಿದರು. ಈಗ ಕೋಲು ಆಡಿಸಿದರೆ ಬೆಣ್ಣೆಯಲ್ಲಿ ಬೆರಳಾಡಿದಂತೆ ಆಡಿತು. ಅಂದರೆ ದೋಷ ಮೈಯಲ್ಲಿಲ್ಲ, ರೆಕ್ಕೆಯಲ್ಲಿದೆ. ಎಡರೆಕ್ಕೆಯ ಏಲರಾನ್ ಹಗುರ. ಬಲದ್ದು ಬಿಗಿ. ಹಾಗಾದರೆ ಬಲರೆಕ್ಕೆ. ಅಲ್ಲಿ ಏಲರಾನಿಗೆ ಸರಳು ಸೇರುವ ಜಾಗದಲ್ಲಿ ಮತ್ತೆ ಕಳಚಿದರು. ಈಗ ಏಲರಾನ್ ತನ್ನ ಭಾರಕ್ಕೆ ತಾನೇ ಕೆಳಗೆ ಜೋಲಬೇಕು. ಅರ್ಧ ಜೋಲಿ ನಿಂತಿತು. ಮೂರನೆಯ ಕೀಲಿನ ಪಿನ್ನಿನ ಸುತ್ತ ಕಂದು ತುಕ್ಕು.

"ಸಿಕ್ಕನಲ್ಲ ಕಳ್ಳ!" ಎಂದು ನಾನು ಮೇಜಿನ ಮೇಲಿದ್ದ ಎಣ್ಣೆಯ ಡಬ್ಬಿಗೆ ಕೈ ಹಾಕಿದೆ. ಪರೀಕ್ಷಕರು ಡಬ್ಬಿಯ ಮೇಲೆ ಮೆಲ್ಲಗೆ ಅಂಗೈ ಇಟ್ಟರು.

ಮೊಮ್ಮಗ ಅವರ ಮಾತನ್ನು ಒಂದೊಂದಾಗಿ ಬಿಡಿಸಿ ಹೇಳಿದ. ರೆಕ್ಕೆ ಮರದ್ದು, ಮೇಲೆ ಹೊದಿಸಿದ್ದು ಬಟ್ಟೆ. ಎಣ್ಣೆ ಕುಡಿದ ಮರಕ್ಕೆ ಮುಂದೆ ಅಂಟು ಹಿಡಿಯುವುದಿಲ್ಲ. ಬೇರಿಂಗಿನೊಳಗೆ ತಯಾರಿಸಿದವರೇ ತುಂಬಿಟ್ಟ ಗ್ರೀಸನ್ನು ತೆಳು ಎಣ್ಣೆ ತೊಳೆದುಬಿಡುತ್ತದೆ. ಧೂಳು ಹಿಡಿದು ಮೊದಲಿಗಿಂತ ಹೆಚ್ಚು ಗಟ್ಟಿಯಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಇವತ್ತು ಎಣ್ಣೆ ಬಿಟ್ಟರೆ ಬಿಗಿ ಹೋಗುತ್ತದೆ, ತುಕ್ಕು ಉಳಿಯುತ್ತದೆ. ನಾಳೆ ಯಾರಿಗೂ ಅದು ಕೈಗೆ ಸಿಗುವುದಿಲ್ಲ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ನನ್ನ ಮುಖ ನೋಡಿ ಮೊಮ್ಮಗ, "ಬೇಜಾರಾಯ್ತಾ ಅಜ್ಜಾ?" ಎಂದ. ಬೇಜಾರಲ್ಲ, ಹಳೆಯದೊಂದು ನೆನಪಾಗಿತ್ತು. ಮನೆಗೆ ಹೋಗುವಾಗ ಕಾರಿನಲ್ಲಿ ಅವನಿಗೆ ಹೇಳಿದೆ. ಮಗಳಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ.

ಗಿರಣಿಯಲ್ಲಿ ನನಗಾಗ ಇಪ್ಪತ್ತಾರು ವರ್ಷ. ಒಂದು ಯಂತ್ರದ ನಿಲ್ಲಿಸುವ ಹಿಡಿ ಬಿಗಿಯಾಗಿತ್ತು. ಬಿಚ್ಚಿ ನೋಡಬೇಕೆಂದರೆ ಅರ್ಧ ದಿನ ಯಂತ್ರ ನಿಲ್ಲಬೇಕು. ಮೇಲಿನವರು ಮಾಲು ಮಾಲು ಎನ್ನುತ್ತಿದ್ದರು. ನಾನು ಎಣ್ಣೆ ಬಿಟ್ಟೆ. ಎರಡು ದಿನ ಸಲೀಸಾಗಿ ಓಡಿತು. ಮೂರನೆಯ ದಿನ ರಾತ್ರಿ ಪಾಳಿಯಲ್ಲಿ ಹಿಡಿ ಸಿಕ್ಕಿಕೊಂಡಿತು. ನನ್ನ ಗೆಳೆಯನ ಎರಡು ಬೆರಳು ಹೋದವು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಎಣ್ಣೆ ಬಿಟ್ಟವನು ನಾನು ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಮೊಮ್ಮಗ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದ. "ಆಮೇಲೆ ಹೇಳಿದ್ರಾ ಅಜ್ಜಾ?" ಎಂದ. "ಹೇಳಿದೆ. ಹೇಳೋದಕ್ಕೆ ಹನ್ನೊಂದು ವರ್ಷ ಹಿಡೀತು" ಎಂದೆ.

ಸೋಮವಾರದಿಂದ ಪ್ರತಿ ಸಂಜೆ ಹ್ಯಾಂಗರಿಗೆ ಹೋದೆವು. ಒಬ್ಬ ಕಳ್ಳ ಸಿಕ್ಕನೆಂದು ಪರೀಕ್ಷಕರು ಹುಡುಕುವುದನ್ನು ನಿಲ್ಲಿಸಿರಲಿಲ್ಲ. ಕೀಲು ಬಿಚ್ಚಿಟ್ಟ ಮೇಲೂ ರೆಕ್ಕೆಯೊಳಗಿನ ಸರಳು ಭಾರವಾಗಿಯೇ ಇತ್ತು. ರೆಕ್ಕೆಯ ಅಡಿಯ ಕಿಂಡಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು, ಸಣ್ಣ ಕನ್ನಡಿ ಹಿಡಿದು ನೋಡಿದರು. ಸರಳಿನ ಎಳೆತವನ್ನು ಮಗ್ಗುಲಿಗೆ ತಿರುಗಿಸುವ ತುಂಡೊಂದು ಅಲ್ಲಿ ಬೇರಿಂಗಿನ ಮೇಲೆ ಕೂತಿತ್ತು. ಅದನ್ನು ಹಿಡಿದ ಅಲ್ಯೂಮಿನಿಯಂ ಹಿಡಿಕೆಯ ಮೇಲೆ ಬಿಳಿ ಪುಡಿ.

ಮಕ್ಕಳೇ, ಕಬ್ಬಿಣದ ತುಕ್ಕು ಕೆಂಪು, ಅಲ್ಯೂಮಿನಿಯಂನದು ಬಿಳಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಪ್ಪು ಹಾಕಿದ ಹುಳಿಸಾರು ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ಕಲೆ, ಚುಕ್ಕೆ ಕಾಣುತ್ತವಲ್ಲ, ಲೋಹ ಕೊರೆದುಹೋದ ಗುರುತು ಅದು. ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ತುಂಡು ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯೇ ಆಗುತ್ತದೆ. ಕರಗುವ ಪಾಳಿ ಅಲ್ಯೂಮಿನಿಯಂನದು. ಹುಟ್ಟಿದ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಒಳಗಿನ ಬೋಲ್ಟನ್ನು ಹಿಂಡಿ ಹಿಡಿಯುತ್ತದೆ.

ಉಪ್ಪು ಎಲ್ಲಿಂದ ಬಂತು? ಚಳಿಗಾಲದಲ್ಲಿ ಅಲ್ಲಿ ಮಂಜುಗಡ್ಡೆ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ರೆಕ್ಕೆ ಬಿಚ್ಚಿದ ಗ್ಲೈಡರನ್ನು ಟ್ರೇಲರಿನಲ್ಲಿಟ್ಟು ಜನವರಿಯಲ್ಲಿ ಅಂಥ ರಸ್ತೆಯ ಮೇಲೆ ಎಳೆದೊಯ್ದಿದ್ದರಂತೆ. ನೀರು ಒಳಗೇ ನಿಂತದ್ದು ಏಕೆ? ಪರೀಕ್ಷಕರು ರೆಕ್ಕೆಯ ಅಡಿಯಲ್ಲಿ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಂತರು. ಅಲ್ಲಿ ನೀರು ಬಸಿದುಹೋಗಲು ಬಿಟ್ಟಿದ್ದ ತೂತು, ಜೋಳದ ಕಾಳಿನಷ್ಟು. ಹೊರಮೈಗೆ ಬಳಿದು ಉಜ್ಜುವ ಮೇಣ ಅದರೊಳಗೆ ಸೇರಿ ಗಟ್ಟಿಯಾಗಿತ್ತು.

"ಅಕ್ಟೋಬರಿನಲ್ಲಿ ಈ ರೆಕ್ಕೆಗೆ ಮೇಣ ಹಚ್ಚಿದ್ದು ನಾವು ನಾಲ್ಕು ಜನ" ಎಂದ ಮೊಮ್ಮಗ. ಮೊದಲು ಅವರಿಗೆ ಹೇಳಿದ, ಆಮೇಲೆ ನನಗೆ. ಯಾರ ಕೈ ಎಂದು ಅವರು ಕೇಳಲಿಲ್ಲ. ಅವನ ಕೈಗೆ ಒಂದು ಮರದ ಕಡ್ಡಿ ಕೊಟ್ಟರು. ಅವನು ಆ ತೂತನ್ನೂ, ಉಳಿದ ಎಲ್ಲ ತೂತುಗಳನ್ನೂ ಒಂದೊಂದಾಗಿ ಬಿಡಿಸಿದ.

ರಿಪೇರಿಯಲ್ಲಿ ಜಾಣತನ ಕಡಿಮೆ, ತಾಳ್ಮೆ ಹೆಚ್ಚು. ತುಕ್ಕು ಹಿಡಿದ ಪಿನ್ನನ್ನು ಒರೆಸಿ ಮೈಕ್ರೋಮೀಟರಿನಲ್ಲಿ ಅಳೆದರು, ಸವೆದಿತ್ತು, ಎಸೆದರು. ಬೇರಿಂಗ್ ಹೊಸದು. ಅಲ್ಯೂಮಿನಿಯಂ ಹಿಡಿಕೆಯ ಬಿಳಿ ಪುಡಿ ತೆಗೆದು ಭೂತಗನ್ನಡಿಯಲ್ಲಿ ಬಿರುಕು ಹುಡುಕಿದರು. ಇರಲಿಲ್ಲ, ಮೇಲುಮೇಲೆ ಮಾತ್ರ ತಿಂದಿತ್ತು. ಅದಕ್ಕೆ ತುಕ್ಕು ತಡೆಯುವ ಬಣ್ಣ ಬಳಿದರು. ಬಿಚ್ಚಿದ ಬಿಗಿನಟ್ಟುಗಳನ್ನು ಮತ್ತೆ ಹಾಕಲಿಲ್ಲ, ಎಲ್ಲ ಹೊಸವು. ಯಾವ ಜಾಗಕ್ಕೆ ಯಾವ ಗ್ರೀಸು, ಎಷ್ಟು ಎಂಬುದೂ ಪುಸ್ತಕದಲ್ಲಿದ್ದಂತೆ. ನಾನು ಏಲರಾನಿನ ಕಿತ್ತುಹೋದ ಬಣ್ಣ ತೋರಿಸಿ ಇದಕ್ಕೂ ಒಂದು ಕೈ ಬಳಿಯೋಣವೇ ಎಂದೆ. ಬಳಿದರೆ ಮತ್ತೆ ತೂಗಬೇಕು ಎಂದರು. ಪಟ್ಟಿಯ ತೂಕ ಮಿತಿ ದಾಟಿದರೆ ವೇಗದಲ್ಲಿ ಅದು ಬಾವುಟದಂತೆ ಪಟಪಟನೆ ನಡುಗಿ ರೆಕ್ಕೆಯನ್ನೇ ಮುರಿಯಬಹುದಂತೆ. ಬಣ್ಣಕ್ಕೂ ತೂಕವಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಶುಕ್ರವಾರ ರಾತ್ರಿ ಎಲ್ಲ ಜೋಡಿಸಿದರು. ಏಲರಾನ್ ಎಷ್ಟು ಡಿಗ್ರಿ ಮೇಲೆ, ಎಷ್ಟು ಡಿಗ್ರಿ ಕೆಳಗೆ ಎಂದು ಮೊಮ್ಮಗ ಕೋನಮಾಪಕದಲ್ಲಿ ಅಳೆದು ಓದಿದ. ನಿಮ್ಮ ಕಂಪಾಸ್ ಪೆಟ್ಟಿಗೆಯಲ್ಲಿರುವುದರ ದೊಡ್ಡಣ್ಣ ಅದು. ಕೋಲಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಷ್ಟು ಎಳೆತಕ್ಕೆ ಅಲುಗುತ್ತದೆ ಎಂದು ನೋಡಿದರು. ಪರೀಕ್ಷಕರು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಆಮೇಲೆ ನನ್ನನ್ನು ಕರೆದು ಒಳಗೆ ಕೂರಿಸಿ ಕೋಲು ಕೊಟ್ಟರು. ಎರಡು ಬೆರಳಿನಲ್ಲಿ ಆಡಿಸಿದೆ. ಅತ್ತ ರೆಕ್ಕೆಯ ತುದಿಯಲ್ಲಿ ಪಟ್ಟಿ ಉಸಿರಾಡಿದಂತೆ ಮೇಲೆದ್ದು ಇಳಿಯಿತು.

ಶನಿವಾರ ಬೆಳಿಗ್ಗೆ ಎದ್ದರೆ ವಾಸರ್‌ಕುಪ್ಪೆಯೇ ಕಾಣುತ್ತಿರಲಿಲ್ಲ. ಮೋಡ ಗುಡ್ಡದ ಸೊಂಟದವರೆಗೆ ಇಳಿದು ಕೂತಿತ್ತು. ಸಣ್ಣ ಮಳೆ. ಸಂಜೆಯವರೆಗೆ ಹ್ಯಾಂಗರಿನ ಬಾಗಿಲಲ್ಲಿ ಕೂತು ಮಂಡಕ್ಕಿ ತಿಂದೆವು. ಪರೀಕ್ಷಕರಿಗೂ ಕೊಟ್ಟೆವು. ಚಟ್ನಿಪುಡಿಯ ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು, ಆದರೂ ಮತ್ತೆ ಕೈ ಚಾಚಿದರು. ಮೋಡ ಮಾತ್ರ ಏಳಲಿಲ್ಲ. ಮರುದಿನ ಮಧ್ಯಾಹ್ನ ನನ್ನ ವಿಮಾನ.

ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ ಮೊಮ್ಮಗ ಕಾಲಿಗೆ ನಮಸ್ಕಾರ ಮಾಡಿ, "ನಾನು ಹೇಳದೇ ಇದ್ದಿದ್ರೆ ನೀವು ನೋಡ್ತಿದ್ರಿ ಅಜ್ಜಾ" ಎಂದ. "ನೋಡಬೇಕಾದ್ದು ನೋಡಿದೆ ಬಿಡು" ಎಂದೆ. ಅವನಿಗೆ ಆಗ ಅರ್ಥವಾಯಿತೋ ಇಲ್ಲವೋ.

ಮುಂದಿನ ಭಾನುವಾರ ಸಂಜೆ ದಾವಣಗೆರೆಯ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಮಗಳ ವಿಡಿಯೋ ಕರೆ ಬಂತು. ನೀಲಿ ಆಕಾಶದಲ್ಲಿ ಒಂದು ಬಿಳಿ ಗೆರೆ. ಅದು ಎಡಕ್ಕೆ ವಾಲಿತು, ನೆಟ್ಟಗಾಯಿತು, ಮತ್ತೆ ವಾಲಿ ಹುಲ್ಲಿನ ಮೇಲೆ ಬಂದು ಕೂತಿತು. ಹೀಗೆ ಮೂರು ಸಲ. ಮೂರನೆಯದು ಮುಗಿದ ಮೇಲೆ ಅವನ ಕೈಗೆ ಮುಳ್ಳುಗಿಡ, ಕಾಡುಹೂಗಳ ಗೊಂಚಲು ಕೊಟ್ಟರು. ಆಮೇಲೆ ಕ್ಲಬ್ಬಿನವರೆಲ್ಲ ಸಾಲಾಗಿ ನಿಂತು ಅವನನ್ನು ಬಗ್ಗಿಸಿ ಕುಂಡೆಗೆ ಒಂದೊಂದು ಏಟು ಕೊಟ್ಟರು! ಒಂಟಿಯಾಗಿ ಹಾರಿದವರಿಗೆಲ್ಲ ಅಲ್ಲಿ ಇದೇ ಶಾಸ್ತ್ರ. ಏರುಗಾಳಿ ಬಂದಾಗ ಕೂತ ಜಾಗಕ್ಕೇ ಮೊದಲು ತಿಳಿಯಬೇಕಲ್ಲ, ಅದನ್ನು ಎಚ್ಚರಿಸಲಿಕ್ಕಂತೆ.

ಕೆಂಪು ಮುಖ ಫೋನಿನ ತುಂಬ ಬಂತು. "ಅಜ್ಜಾ, ಕೋಲು ಬೆಣ್ಣೆ ಇದ್ದಂಗಿತ್ತು. ನಿಮ್ಮ ಪಾಲಿನ ಏಟೊಂದು ಬಾಕಿ ಐತಿ."

"ಬಡ್ಡಿ ಸೇರಿಸಿ ಇಟ್ಟಿರ್ತೀನಿ, ಬಾ" ಎಂದೆ.